ವಿಮಾನ ಹತ್ತುವ ಮುಂಚಿನ ಆರು ತಿಂಗಳು

(ಕಾರವಾರದಲ್ಲಿ ಸಂಶೋಧನಾ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಮೂರು ಥರದವರು ಕೂತಿದ್ದೀರಿ. ಕೋಡಿಬಾಗದ ಕಡಲಜೀವಶಾಸ್ತ್ರದವರು, ಶಿರಸಿಯ ಅರಣ್ಯ ಕಾಲೇಜಿನಿಂದ ಘಟ್ಟ ಇಳಿದು ಬಂದವರು, ಮತ್ತೆ ಇತಿಹಾಸದವರು. ಹೊರದೇಶದಿಂದ "ಸಂಶೋಧನೆಗೆ ಬನ್ನಿ" ಎಂಬ ಪತ್ರ ಬಂದ ದಿನದಿಂದ ಮೂವರಿಗೂ ನಿದ್ದೆ ಸರಿಯಾಗಿ ಹತ್ತುವುದಿಲ್ಲ. ಅದು ಇರಬೇಕಾದದ್ದೇ. ತೊಂದರೆ ಏನೆಂದರೆ, ಆ ಕಾತರವೆಲ್ಲ ಜಾಕೆಟ್ಟು, ಸೂಟ್‌ಕೇಸು, ಕಿಟಕಿ ಪಕ್ಕದ ಸೀಟು ಇವುಗಳ ಸುತ್ತಲೇ ಸುತ್ತಿ ಮುಗಿದುಹೋಗುತ್ತದೆ. ಮೊದಲ ದಿನ ಬೆಳಿಗ್ಗೆ ಮೇಜಿನ ಮೇಲೆ ಯಾವ ದಾಖಲೆಯ ಕಟ್ಟು ತರಿಸುತ್ತೀರಿ ಎಂದು ಕೇಳಿದರೆ ಉತ್ತರ ಇರುವುದಿಲ್ಲ. ತಿಂಗಳೊಪ್ಪತ್ತಿನ ಪ್ರವಾಸ ಹಾಳಾಗುವುದು ಹೆಚ್ಚಾಗಿ ಲಂಡನ್ನಿನಲ್ಲೋ ಲಿಸ್ಬನ್ನಿನಲ್ಲೋ ಅಲ್ಲ, ಇಲ್ಲೇ, ಹೊರಡುವ ಮುಂಚಿನ ಆರು ತಿಂಗಳಲ್ಲಿ.

ಇತಿಹಾಸದವರಿಂದ ಶುರು ಮಾಡೋಣ. "ಲಂಡನ್ನಿಗೆ ಹೋಗಿ ಉತ್ತರ ಕನ್ನಡದ ದಾಖಲೆ ನೋಡುತ್ತೇನೆ" ಎನ್ನುವವರು ಯಾವ ಕಾಲದ ದಾಖಲೆ ಎಂದು ಮೊದಲು ತೀರ್ಮಾನಿಸಬೇಕು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೆನರಾ, ಅಂದರೆ ಈಗಿನ ಉತ್ತರ, ದಕ್ಷಿಣ ಕನ್ನಡದ ಸೀಮೆ, ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂದು ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿತು. ಆಮೇಲೆ ಜಿಲ್ಲೆ ಎರಡಾಯಿತು, 1862ರಲ್ಲಿ ಉತ್ತರದ ಭಾಗ ಮುಂಬಯಿ ಪ್ರೆಸಿಡೆನ್ಸಿಗೆ ಹೋಯಿತು. ಹಾಗಾಗಿ ಅದಕ್ಕೂ ಹಿಂದಿನ ಕಲೆಕ್ಟರ್ ಪತ್ರಗಳನ್ನು ಹುಡುಕಬೇಕಾದದ್ದು ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರದಲ್ಲಿ, ನಂತರದವನ್ನು ಮುಂಬಯಿಯ ಮಹಾರಾಷ್ಟ್ರ ಪತ್ರಾಗಾರದಲ್ಲಿ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಸಿಗುವುದು ಬಹುಪಾಲು ಮೇಲಕ್ಕೆ ಕಳಿಸಿದ ನಡಾವಳಿಗಳ ಪ್ರತಿ, ಲಂಡನ್ನಿನ ಧಣಿಗಳ ಜೊತೆಗಿನ ಪತ್ರವ್ಯವಹಾರ, ನಕ್ಷೆಗಳು, ಅಧಿಕಾರಿಗಳ ಖಾಸಗಿ ಕಾಗದಗಳು. ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ಹಕ್ಕಿನ ಬಗ್ಗೆ ತಾಲೂಕು ಕಚೇರಿಯಲ್ಲಿ ನಡೆದ ಜಗಳದ ಕಡತ ಅಲ್ಲಿರುತ್ತದೆಂದು ನಂಬಿ ಟಿಕೆಟ್ ತೆಗೆದರೆ ಹೋದ ದಾರಿಗೆ ಸುಂಕವಿಲ್ಲ. ಆದರೆ 1638ರಲ್ಲಿ ಕಾರವಾರದಲ್ಲಿ ಶುರುವಾದ ಇಂಗ್ಲಿಷ್ ಕೋಠಿಯ ವ್ಯಾಪಾರ, ಮೆಣಸಿನ ದರ, ಸೋದೆಯ ಅರಸರ ಜೊತೆಗಿನ ಕೊಡುಕೊಳ್ಳು ನಿಮ್ಮ ವಿಷಯವಾದರೆ ಲಂಡನ್ ಪ್ರವಾಸಕ್ಕೆ ಅರ್ಥವಿದೆ.

ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕಾಲ ಹಿಡಿದವರಂತೂ ನೇರ ಲಿಸ್ಬನ್ ಎನ್ನುತ್ತಾರೆ. ಸ್ವಲ್ಪ ತಡೆಯಿರಿ. ಪಣಜಿಯ ಪತ್ರಾಗಾರ ನಾವು ಕೂತಿರುವ ಜಾಗದಿಂದ ನೂರು ಕಿಲೋಮೀಟರ್ ಆಸುಪಾಸಿನಲ್ಲಿದೆ. ಮಾನ್ಸೂನ್ ಹಡಗುಗಳ ಜೊತೆ ಗೋವಾಕ್ಕೂ ಪೋರ್ಚುಗಲ್ಲಿಗೂ ನಡುವೆ ಓಡಾಡಿದ ಅರಸರ ಪತ್ರಗಳ ಸಂಪುಟಗಳಲ್ಲಿ ಒಂದು ಪಾಲು ಮಾತ್ರ ಲಿಸ್ಬನ್ನಿನ ರಾಷ್ಟ್ರೀಯ ಪತ್ರಾಗಾರವಾದ ತೊರೆ ದೊ ತೊಂಬೊದಲ್ಲಿದೆ, ಹೆಚ್ಚಿನವು ಇನ್ನೂ ಗೋವಾದಲ್ಲೇ ಇವೆ. 19ನೇ ಶತಮಾನದಲ್ಲಿ ಪೋರ್ಚುಗೀಸ್ ವಿದ್ವಾಂಸ ಕುನ್ಯಾ ರಿವಾರ ಗೋವಾದಲ್ಲೇ ಹಳೆಯ ಪತ್ರಗಳ ಹಲವು ಸಂಪುಟ ಅಚ್ಚು ಹಾಕಿಸಿದ್ದಾರೆ. ಮೊದಲು ಈ ಅಚ್ಚಿನ ಪುಟಗಳನ್ನು ಓದಿ, ಆಮೇಲೆ ಪಣಜಿಯಲ್ಲಿ ಎರಡು ವಾರ ಕೂತು ಆ ಕಾಲದ ಕೈಬರಹಕ್ಕೆ ಕಣ್ಣು ಪಳಗಿಸಿ. 16ನೇ ಶತಮಾನದ ಪೋರ್ಚುಗೀಸ್ ಗುಮಾಸ್ತರು ಅರ್ಧ ಪದ ಬರೆದು ಮೇಲೊಂದು ಗೆರೆ ಎಳೆದು ಮುಂದೆ ಹೋಗುತ್ತಾರೆ. ಆ ಸಂಕ್ಷೇಪಗಳನ್ನು ಲಿಸ್ಬನ್ನಿನಲ್ಲಿ ಕೂತು ಕಲಿಯಲು ಹೊರಟರೆ ನಿಮ್ಮ ಮೊದಲ ವಾರ ಅಲ್ಲಿಗೇ ಹೋಯಿತು. ಡಚ್ಚರ ಕಡೆಗೆ ಹೋಗುವವರಿಗೆ ಇನ್ನೂ ಸುಲಭ. ಹೇಗ್ ನಗರದ ರಾಷ್ಟ್ರೀಯ ಪತ್ರಾಗಾರದಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಕಡತಗಳಿಗೆ 1.04.02 ಎಂಬ ಸೂಚಿ ಸಂಖ್ಯೆ ಇದೆ. ಅದರಲ್ಲಿ ಬಹಳಷ್ಟು ಸ್ಕ್ಯಾನ್ ಆಗಿದೆ, ಕುಮಟಾದ ಮನೆಯಲ್ಲೇ ಕೂತು ನೋಡಬಹುದು.

ಕೆಟಲಾಗಿನಲ್ಲಿ ಹುಡುಕುವಾಗ ಇವತ್ತಿನ ಊರ ಹೆಸರು ಹೊಡೆದರೆ ಏನೂ ಬರುವುದಿಲ್ಲ. ಪೋರ್ಚುಗೀಸರ ಕಾಗದದಲ್ಲಿ ಹೊನ್ನಾವರ 'ಒನೋರ್', ಭಟ್ಕಳ 'ಬಾಟಿಕಲಾ', ಗೇರುಸೊಪ್ಪೆ 'ಗಾರ್ಸೋಪಾ', ಸದಾಶಿವಗಡದ ಕಡೆಯ ಚಿತ್ತಾಕುಲ 'ಸಿಂಟಾಕೋರಾ'. ಇಂಗ್ಲಿಷರ ಕಾಗದದಲ್ಲಿ ಕಾರವಾರ ಬಹಳ ಕಡೆ 'ಸಿ' ಅಕ್ಷರದಿಂದ ಶುರುವಾಗುತ್ತದೆ, ಸೋದೆ 'ಸೂಂಡಾ' ಆಗುತ್ತದೆ. ಒಂದೊಂದು ಊರಿಗೂ ನಾಲ್ಕೈದು ಕಾಗುಣಿತ ಬರೆದಿಟ್ಟುಕೊಂಡು ಎಲ್ಲವನ್ನೂ ಹೊಡೆದು ನೋಡಿ.

ಹೀಗೆ ಹುಡುಕುತ್ತ ಹೋದಂತೆ ಒಂದು ತಖ್ತೆ ತುಂಬಬೇಕು. ಸಂಸ್ಥೆ, ಸರಣಿ, ಸಂಪುಟ ಸಂಖ್ಯೆ, ವರ್ಷ, ಅದರಿಂದ ನನಗೆ ಏನು ಬೇಕು, ಆನ್‌ಲೈನ್ ಇದೆಯೇ, ಭಾರತದಲ್ಲಿ ಪ್ರತಿ ಇದೆಯೇ, ಎಲ್ಲಿ ಇಟ್ಟಿದ್ದಾರೆ. ಈ ಕೊನೆಯ ಕಲಂ ಯಾರೂ ತುಂಬುವುದಿಲ್ಲ. ಬ್ರಿಟಿಷ್ ಲೈಬ್ರರಿಯ ಸಾಮಗ್ರಿ ಎಲ್ಲವೂ ಲಂಡನ್ನಿನ ಕಟ್ಟಡದಲ್ಲಿಲ್ಲ, ದೊಡ್ಡ ಭಾಗ ಉತ್ತರದ ಯಾರ್ಕ್‌ಷೈರಿನ ಬಾಸ್ಟನ್ ಸ್ಪಾದಲ್ಲಿದೆ. ಅಲ್ಲಿಂದ ಬರಬೇಕಾದದ್ದನ್ನು ದಿನಗಳ ಮುಂಚೆ ಕೇಳಬೇಕು. 2023ರ ಅಕ್ಟೋಬರಿನ ಸೈಬರ್ ದಾಳಿಯಲ್ಲಿ ಅವರ ಕೆಟಲಾಗೇ ಮಲಗಿಬಿಟ್ಟಿತ್ತು, ಸೇವೆಗಳು ಹಂತ ಹಂತವಾಗಿ ಮರಳಿದವು. ಹಾಗಾಗಿ ತಖ್ತೆಯ ಮೊದಲ ಹತ್ತು ಸಂಖ್ಯೆಗಳನ್ನು ಇಮೇಲಿನಲ್ಲಿ ಕಳಿಸಿ, ಇವು ಈಗ ಓದಲು ಸಿಗುತ್ತವೆಯೇ ಎಂದು ಕೇಳಿ. ಪತ್ರಾಗಾರದವರು ಇಂಥ ಪ್ರಶ್ನೆಗೆ ಚೆನ್ನಾಗಿ ಉತ್ತರಿಸುತ್ತಾರೆ. "ಕೆನರಾದ ಬಗ್ಗೆ ನಿಮ್ಮಲ್ಲಿ ಏನಿದೆ" ಎಂದು ಕೇಳಿದರೆ ಕೆಟಲಾಗಿನ ಕೊಂಡಿ ಕಳಿಸಿ ಸುಮ್ಮನಾಗುತ್ತಾರೆ, ಅದು ಅವರ ತಪ್ಪಲ್ಲ.

ಫೋಟೋ ತೆಗೆಯಲು ಹೆಚ್ಚಿನ ಕಡೆ ಈಗ ಬಿಡುತ್ತಾರೆ, ಫ್ಲಾಶ್ ಮಾತ್ರ ಬೇಡ. ದಿನಕ್ಕೆ ಐನೂರು ಪುಟ, ಫೋಟೋ ಒಂದಕ್ಕೆ 4 ಎಂಬಿ ಹಿಡಿದರೂ ದಿನಕ್ಕೆ 2 ಜಿಬಿ, ಮೂವತ್ತು ದಿನಕ್ಕೆ 60 ಜಿಬಿ. ಜಾಗ ಸಮಸ್ಯೆಯಲ್ಲ. ಊರಿಗೆ ಬಂದ ಮೇಲೆ ಯಾವ ಫೋಟೋ ಯಾವ ಸಂಪುಟದ್ದು ಎಂದು ತಿಳಿಯದೆ ಕೂರುವುದು ಸಮಸ್ಯೆ. ಕಟ್ಟು ಬಿಚ್ಚಿದ ಕೂಡಲೇ ಮೊದಲ ಫೋಟೋ ಕಟ್ಟಿನ ಬೆನ್ನಿನ ಚೀಟಿಯದ್ದಾಗಿರಲಿ, ಕೊನೆಯದೂ ಅದೇ. ಹಾಳೆ ಸಂಖ್ಯೆ ಮೂಲೆಯಲ್ಲಿ ಕಾಣದಿದ್ದರೆ ಪೆನ್ಸಿಲಿನಲ್ಲಿ ಬರೆದ ಚೀಟಿಯೊಂದನ್ನು ಪಕ್ಕದಲ್ಲಿಟ್ಟು ತೆಗೆಯಿರಿ. ಆ ಕೋಣೆಗಳಲ್ಲಿ ಪೆನ್ ಬಿಡುವುದಿಲ್ಲ, ಪೆನ್ಸಿಲ್ ಒಂದೇ. ಆ ದಿನದ್ದನ್ನು ಆ ದಿನವೇ ಫೋಲ್ಡರಿಗೆ ಹಾಕಿ ಹೆಸರು ಕೊಟ್ಟು ಎರಡು ಕಡೆ ಇಡಬೇಕು. ಎರಡನೆಯ ಡಿಸ್ಕನ್ನು ಲ್ಯಾಪ್‌ಟಾಪಿನ ಚೀಲದಲ್ಲೇ ಇಟ್ಟರೆ ಅದಕ್ಕೆ ಎರಡು ಕಡೆ ಎನ್ನುವುದಿಲ್ಲ.

ಅರಣ್ಯದವರಿಗೆ ಬರೋಣ. ಲಂಡನ್ನಿನ ಕ್ಯೂ ಉದ್ಯಾನದ ಹರ್ಬೇರಿಯಮ್ಮಿನಲ್ಲಿ ಒಣಗಿಸಿದ ಗಿಡ ಅಂಟಿಸಿದ ಸುಮಾರು 70 ಲಕ್ಷ ಹಾಳೆಗಳಿವೆ. ಅವುಗಳಲ್ಲಿ ಮಾದರಿ ಹಾಳೆಗಳು, ಅಂದರೆ ಪ್ರಭೇದಕ್ಕೆ ಹೆಸರಿಡಲು ಆಧಾರವಾದವು, ದೊಡ್ಡ ಗಾತ್ರದಲ್ಲಿ ಸ್ಕ್ಯಾನ್ ಆಗಿ ಸಿಗುತ್ತವೆ. ಎಲೆಯ ಉದ್ದಗಲ ಅಳೆಯಲು ಅಲ್ಲಿಗೆ ಹೋಗಬೇಕಾಗಿಲ್ಲ. ಹೋಗಬೇಕಾದದ್ದು ಚಿತ್ರದಲ್ಲಿ ಕಾಣದ್ದಕ್ಕೆ: ಎಲೆಯ ಅಡಿಭಾಗದ ರೋಮ, ಹೂವಿನ ಒಳಗಿನ ಕೇಸರ, ಲಕೋಟೆಯಲ್ಲಿ ಉದುರಿ ಬಿದ್ದಿರುವ ಬೀಜ. ಒಣ ಹೂ ನೆನೆಸಿ ಬಿಚ್ಚಲು ಅನುಮತಿ ಬೇಕು, ಅದನ್ನು ಪತ್ರದಲ್ಲೇ ಕೇಳಿಡಿ. ಹೋದ ಮೇಲೆ ಕೇಳಿದರೆ ಸಂಬಂಧಪಟ್ಟವರು ರಜೆಯಲ್ಲಿರುತ್ತಾರೆ, ಅದರಲ್ಲೂ ಆಗಸ್ಟ್ ಆದರೆ ಕೇಳುವುದೇ ಬೇಡ. ಇನ್ನೊಂದು ಮಾತು. ನಮ್ಮ ಸಿದ್ದಾಪುರದ ಕತ್ತಲೆಕಾನಿನ ರಾಂಪತ್ರೆ ಜಡ್ಡಿಯಿಂದ (ಕಾಡಿನೊಳಗಿನ ಜೌಗು) 2000ದಲ್ಲಿ ವರ್ಣಿಸಿದ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್‌ನಂಥ ಮರವನ್ನು ಹಳೆಯ ಹಾಳೆಗಳಲ್ಲಿ ಹುಡುಕುವಾಗ ಆ ಹೆಸರಿನ ಫೋಲ್ಡರ್ ನೋಡಿ ಬರಿಗೈಯಲ್ಲಿ ಎದ್ದು ಬರಬೇಡಿ. 19ನೇ ಶತಮಾನದ ಸಂಗ್ರಾಹಕನಿಗೆ ಆ ಹೆಸರೇ ಗೊತ್ತಿರಲಿಲ್ಲ. ಒಂದೊಂದು ಸಸ್ಯಕುಲದ (ಜೀನಸ್) ಕೊನೆಯಲ್ಲಿ ಗುರುತು ಹತ್ತದವುಗಳ ಫೋಲ್ಡರ್ ಇರುತ್ತದೆ, ಹತ್ತಿರದ ಪ್ರಭೇದಗಳ ಹೆಸರಿನಡಿ ತಪ್ಪಾಗಿ ಸೇರಿದವೂ ಇರುತ್ತವೆ. ಕೆನರಾ ಎಂದು ಚೀಟಿ ಇರುವ ಎಲ್ಲವನ್ನೂ ತೆಗೆಸಿ ನೋಡಬೇಕು. ಆ ದಿನಗಳನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಈಗ ಇಲ್ಲಿ ಸಂಗ್ರಹಿಸಿದ ಗಿಡ, ಜೀವಿಗಳ ಮಾದರಿ ಒಯ್ಯುವ ವಿಷಯ. ಎಲ್ಲಕ್ಕಿಂತ ಹೆಚ್ಚು ಎಡವಟ್ಟು ಆಗುವುದು ಇಲ್ಲಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಇಲ್ಲಿನ ಜೈವಿಕ ಸಂಪನ್ಮೂಲ ಹೊರಗೆ ಹೋಗುವುದಕ್ಕೆ ಕಟ್ಟುಪಾಡು ಇದೆ. ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ ಅದನ್ನು ನೋಡಿಕೊಳ್ಳುತ್ತದೆ. ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಆಗಿದೆ, ಹಿಂದಿನ ಸೀನಿಯರ್ ಕೊಟ್ಟ ಹಳೆಯ ಫಾರ್ಮ್ ತುಂಬಿ ಕಳಿಸಬೇಡಿ, ಪ್ರಾಧಿಕಾರದ ಈಗಿನ ನಮೂನೆಯನ್ನೇ ತೆಗೆಯಿರಿ. ಸರ್ಕಾರದ ಮಾರ್ಗಸೂಚಿಯಂತೆ ಒಪ್ಪಿಗೆ ಪಡೆದ ಜಂಟಿ ಯೋಜನೆಗಳಿಗೆ 5ನೇ ಸೆಕ್ಷನ್ನಿನಲ್ಲಿ ವಿನಾಯಿತಿ ಇದೆ. ನಿಮ್ಮದು ಅದಕ್ಕೆ ಸೇರುತ್ತದೆಯೇ ಎಂಬುದನ್ನು ಗೈಡ್ ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಕಾಗದ ಇರಬೇಕು. ಹವಳ, ಸಮುದ್ರಕುದುರೆ, ಸಮುದ್ರಸೌತೆ ಇವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿವೆ, ಅವುಗಳ ಆಸೆಯನ್ನೇ ಬಿಡಿ. ಕಾಡು ತಿರುಗುವ ಶೂಗಳನ್ನು ತೊಳೆದು ಒಣಗಿಸಿ. ಹೊರಗಿನ ಮಣ್ಣನ್ನು ಯುರೋಪಿನೊಳಗೆ ಬಿಡುವುದಿಲ್ಲ, ಅದು ಶೂ ಅಡಿಯ ಕೆಮ್ಮಣ್ಣಿನ ಹೆಂಟೆಯಾದರೂ ಸರಿ.

ಕಾಗದ ಸರಿ ಇದೆ ಎಂದಿಟ್ಟುಕೊಳ್ಳಿ. ಅಘನಾಶಿನಿ ಅಳಿವೆಯ ಕೆಸರನ್ನು ಅರ್ಧ ಮಿಲಿಮೀಟರ್ ಜಾಲರಿಯಲ್ಲಿ ಸೋಸಿ ತೆಗೆದ ಪಾಲಿಕೀಟ್ ಹುಳುಗಳನ್ನು ಪ್ರಭೇದ ಗುರುತಿಸಲು ಒಯ್ಯಬೇಕಾಗಿದೆ. ಕೆಡದಂತೆ ಫಾರ್ಮಲಿನ್ ದ್ರಾವಣದಲ್ಲಿ ಇಟ್ಟವನ್ನು ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು ಶೇಕಡಾ 70ರಿಂದ 80ರ ಎಥನಾಲಿಗೆ ವರ್ಗಾಯಿಸಿ. ಡಿಎನ್‌ಎ ಬೇಕಾದವು ಫಾರ್ಮಲಿನ್ ಮುಟ್ಟಲೇಬಾರದು, ಹಿಡಿದಾಗಲೇ ಶೇಕಡಾ 95ರ ಎಥನಾಲಿಗೆ ಹೋಗಿರಬೇಕು. ಬಾಟಲಿಗಟ್ಟಲೆ ಎಥನಾಲನ್ನು ವಿಮಾನದಲ್ಲಿ ಒಯ್ಯುವಂತಿಲ್ಲ. ಆದರೆ ಸಂಶೋಧನಾ ಮಾದರಿಗಳಿಗೆ ಅಂತರರಾಷ್ಟ್ರೀಯ ವಿಮಾನ ಸಾಗಣೆ ನಿಯಮದಲ್ಲಿ ಎ180 ಎಂಬ ವಿಶೇಷ ಅವಕಾಶ ಇದೆ. ಒಂದು ವಯಲ್‌ನಲ್ಲಿ (ಸಣ್ಣ ಶೀಶೆ) ದ್ರವ 30 ಮಿಲಿಲೀಟರ್ ಮೀರಬಾರದು. ವಯಲ್‌ಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಿಸಿಯಿಂದ ಸೀಲ್ ಮಾಡಬೇಕು, ಆ ಚೀಲವನ್ನು ದ್ರವ ಹೀರುವ ಹತ್ತಿಯೋ ಟಿಶ್ಯೂವೋ ಇರುವ ಇನ್ನೊಂದು ಚೀಲಕ್ಕೆ ಹಾಕಿ ಅದನ್ನೂ ಸೀಲ್ ಮಾಡಬೇಕು, ಆಮೇಲೆ ಗಟ್ಟಿ ಡಬ್ಬಿ. ಒಂದು ಡಬ್ಬಿಯೊಳಗೆ ಒಟ್ಟು ದ್ರವ 1 ಲೀಟರ್ ದಾಟಬಾರದು. ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ 'ಸೈಂಟಿಫಿಕ್ ರಿಸರ್ಚ್ ಸ್ಪೆಸಿಮೆನ್ಸ್, ನಾಟ್ ರಿಸ್ಟ್ರಿಕ್ಟೆಡ್, ಸ್ಪೆಷಲ್ ಪ್ರೊವಿಷನ್ ಎ180 ಅಪ್ಲೈಸ್' ಎಂದು ಬರೆದಿರಬೇಕು. ಸೀಲ್ ಯಂತ್ರಕ್ಕೆ ಲ್ಯಾಬೇ ಬೇಕೆಂದಿಲ್ಲ, ಚಿಪ್ಸ್ ಪ್ಯಾಕ್ ಮಾಡುವ ಅಂಗಡಿಯದೂ ನಡೆಯುತ್ತದೆ.

ಸೋರುವುದು ಎಲ್ಲಿ? ಮುಚ್ಚಳದ ತಿರುಪಿನಲ್ಲಿ. ಕೊಳಾಯಿ ಕೆಲಸದವರು ಬಳಸುವ ಬಿಳಿ ಟೆಫ್ಲಾನ್ ಟೇಪನ್ನು ತಿರುಪಿಗೆ ಎರಡು ಸುತ್ತು ಸುತ್ತಿ ಮುಚ್ಚಿ, ಒಂದು ರಾತ್ರಿ ಟಿಶ್ಯೂ ಕಾಗದದ ಮೇಲೆ ತಲೆಕೆಳಗಾಗಿ ನಿಲ್ಲಿಸಿ. ಬೆಳಿಗ್ಗೆ ಟಿಶ್ಯೂ ಮೇಲೆ ಕಲೆ ಇದ್ದ ವಯಲ್ ಬದಲಿಸಿ. ಸೋರಿದ ಎಥನಾಲ್ ಮೊದಲು ತಿನ್ನುವುದು ಹೊರಗೆ ಮಾರ್ಕರ್‌ನಲ್ಲಿ ಬರೆದ ಹೆಸರನ್ನು. ಬಾಲ್‌ಪೆನ್ ಬರಹವೂ ಕರಗುತ್ತದೆ. ದಪ್ಪ ಕಾಗದದ ಚೀಟಿಯಲ್ಲಿ ಪೆನ್ಸಿಲಿನಿಂದ ಸ್ಥಳ, ದಿನಾಂಕ, ಆಳ, ಸಂಖ್ಯೆ ಬರೆದು ವಯಲ್ ಒಳಗೇ ಇಡಬೇಕು. ಎಲ್ಲ ಮಾದರಿಯನ್ನೂ ಒಯ್ಯಬೇಡಿ, ಮಾದರಿ ತೆಗೆದ ಪ್ರತಿ ಜಾಗದ ಅರ್ಧ ಕಾರವಾರದಲ್ಲೇ ಇರಲಿ. ಡಬ್ಬಿ ಜೊತೆ ವಿಮಾನ ನಿಲ್ದಾಣದಲ್ಲಿ ತೋರಿಸಲು ಮಾದರಿಗಳ ಪಟ್ಟಿ, ಅನುಮತಿ ಪತ್ರ, ಅಲ್ಲಿನ ಸಂಸ್ಥೆಯ ಪತ್ರ, ಎ180 ನಿಯಮದ ಮುದ್ರಿತ ಪುಟ ಇರಲಿ. ವಿಮಾನ ಸಂಸ್ಥೆಗೂ ಮೊದಲೇ ಬರೆದು ಉತ್ತರ ತರಿಸಿಕೊಳ್ಳಿ. ಕೌಂಟರಿನಲ್ಲಿ ಇರುವ ಹುಡುಗನಿಗೆ ಈ ನಿಯಮ ಗೊತ್ತಿರುವುದು ಕಡಿಮೆ, ಅವನ ಜೊತೆ ವಾದಕ್ಕಿಂತ ಕಾಗದ ಕೆಲಸ ಮಾಡುತ್ತದೆ.

ವೀಸಾ. ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾಕ್ಕೆ ಪ್ರಯಾಣಕ್ಕೆ ಆರು ತಿಂಗಳಿಗಿಂತ ಮುಂಚೆ ಅರ್ಜಿ ಹಾಕುವಂತಿಲ್ಲ, ಹದಿನೈದು ದಿನಕ್ಕಿಂತ ತಡವಾಗಿಯೂ ಹಾಕುವಂತಿಲ್ಲ. ತೀರ್ಮಾನಕ್ಕೆ ಸಾಮಾನ್ಯ 15 ದಿನ, ಕೆಲವೊಮ್ಮೆ 45 ದಿನ. ಪಾಸ್‌ಪೋರ್ಟು ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ವಾಪಸ್ ಹೊರಡುವ ದಿನದ ನಂತರ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಖಾಲಿ ಪುಟ ಬೇಕು. ಆರೋಗ್ಯ ವಿಮೆ ಕನಿಷ್ಠ 30,000 ಯೂರೋದ್ದು. ಎಡವುವುದು ದಿನದ ಲೆಕ್ಕದಲ್ಲಿ. ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು ಎಂಬುದನ್ನು ಮೂರು ತಿಂಗಳು ಎಂದುಕೊಳ್ಳುತ್ತಾರೆ. ಜೂನ್ 1ಕ್ಕೆ ಇಳಿದು ಆಗಸ್ಟ್ 31ಕ್ಕೆ ಹೊರಟರೆ 92 ದಿನ. ಇಳಿದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ ಬರುತ್ತವೆ, ಹಾಗಾಗಿ ಆಗಸ್ಟ್ 29ಕ್ಕೆ ಹೊರಬಿದ್ದಿರಬೇಕು. 2025ರ ಅಕ್ಟೋಬರಿನಿಂದ ಪಾಸ್‌ಪೋರ್ಟಿಗೆ ಒತ್ತುವ ಮುದ್ರೆಯ ಬದಲು ಬೆರಳಚ್ಚು ಮತ್ತು ಮುಖಚಿತ್ರ ದಾಖಲಿಸುವ ವ್ಯವಸ್ಥೆ ಶುರುವಾಗಿದೆ, ಲೆಕ್ಕ ಈಗ ಕಂಪ್ಯೂಟರ್ ಇಡುತ್ತದೆ. ಬ್ರಿಟನ್ ಷೆಂಗೆನ್‌ಗೆ ಸೇರಿಲ್ಲ, ಅದರ ವೀಸಾ ಬೇರೆ, ಅಲ್ಲಿ ಕಳೆದ ದಿನ ಈ ತೊಂಬತ್ತರಲ್ಲಿ ಬರುವುದಿಲ್ಲ. ಅದರ ಸಂದರ್ಶಕ ವೀಸಾಕ್ಕೆ ಮೂರು ತಿಂಗಳಿಗಿಂತ ಮುಂಚೆ ಅರ್ಜಿ ಹಾಕಲಾಗದು. ಪತ್ರಾಗಾರದಲ್ಲಿ ಓದುವುದು ಒಂದು ಬಗೆ, ಅಲ್ಲಿನ ಲ್ಯಾಬಿನಲ್ಲಿ ಉಪಕರಣ ಹಿಡಿದು ಕೆಲಸ ಮಾಡುವುದು ಬೇರೆ ಬಗೆ. ಎರಡನೆಯದಾದರೆ ಯಾವ ವೀಸಾ ಎಂದು ಅಲ್ಲಿನ ವಿಶ್ವವಿದ್ಯಾಲಯದಿಂದಲೇ ಬರೆಸಿಕೊಳ್ಳಿ.

ಆಹ್ವಾನ ಪತ್ರದಲ್ಲಿ "ಇವರನ್ನು ಸ್ವಾಗತಿಸಲು ಸಂತೋಷ" ಎಂದಷ್ಟೇ ಇದ್ದರೆ ಪ್ರಯೋಜನವಿಲ್ಲ. ಯಾವ ದಿನದಿಂದ ಯಾವ ದಿನ, ಯಾವ ಕೆಲಸ, ಯಾರ ಖರ್ಚು, ಲ್ಯಾಬು ಅಥವಾ ಸಂಗ್ರಹಕ್ಕೆ ಪ್ರವೇಶ ಇದೆಯೇ, ಇಷ್ಟೂ ಇರಬೇಕು. ದಿನಾಂಕ ಪತ್ರದಲ್ಲಿ, ವಿಮೆಯಲ್ಲಿ, ಟಿಕೆಟಿನಲ್ಲಿ, ನಿಮ್ಮ ವಿಭಾಗದ ಆಕ್ಷೇಪಣೆಯಿಲ್ಲ ಪತ್ರದಲ್ಲಿ ಒಂದೇ ಆಗಿರಬೇಕು.

ನಮ್ಮ ಜಿಲ್ಲೆಯವರಿಗೆ ಹೆಸರಿನದೇ ದೊಡ್ಡ ತಲೆಬಿಸಿ. ಅಂಕಪಟ್ಟಿಯಲ್ಲಿ ಎರಡು ಇನಿಷಿಯಲ್ಲು, ಆಧಾರಿನಲ್ಲಿ ನಡುವೆ ಅಪ್ಪನ ಹೆಸರು, ಪಾನ್ ಕಾರ್ಡಿನಲ್ಲಿ ಅದೂ ಇಲ್ಲ. ಹೆಗಡೆ ಎಂಬುದಕ್ಕೆ ಇಂಗ್ಲಿಷಿನಲ್ಲಿ ಒಂದು ಕಡೆ 'ಎ' ಇದೆ, ಇನ್ನೊಂದು ಕಡೆ ಇಲ್ಲ. ನಾಯ್ಕ, ನಾಯಕ, ಗೌಡ, ಭಟ್ಟ ಎಲ್ಲರ ಕಥೆಯೂ ಇದೇ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ ಆಹ್ವಾನ ಪತ್ರ, ಟಿಕೆಟ್, ವಿಮೆ ಮಾಡಿಸಿ. ಪಾಸ್‌ಪೋರ್ಟೇ ಇನ್ನೂ ಆಗದವರು ಅರ್ಜಿಗೆ ಮೊದಲು ಉಳಿದ ದಾಖಲೆ ಸರಿಮಾಡಿಕೊಳ್ಳಿ, ಅಡ್ಡಹೆಸರಿನ ಜಾಗ ಖಾಲಿ ಬಿಡಬೇಡಿ.

ಹಣದ ಕಾಗದಕ್ಕೆ ಸಾಮಾನ್ಯವಾಗಿ ಕೆಲವು ತಿಂಗಳ ಬ್ಯಾಂಕ್ ಲೆಕ್ಕ ಕೇಳುತ್ತಾರೆ. ಅಡಿಕೆ ಮನೆಯವರ ದುಡ್ಡು ಸಹಕಾರಿ ಸಂಘದ ಖಾತೆಯಲ್ಲಿ ಇರುತ್ತದೆ, ಪುಸ್ತಕ ಕನ್ನಡದಲ್ಲಿ. ಅರ್ಜಿ ಹಾಕುವ ಹಿಂದಿನ ವಾರ ಅಲ್ಲಿಂದ ಮೂರು ಲಕ್ಷ ತಂದು ಬ್ಯಾಂಕಿಗೆ ಹಾಕಿದರೆ ನೋಡುವವರಿಗೆ ಸಾಲದ ದುಡ್ಡಿನ ಹಾಗೆ ಕಾಣುತ್ತದೆ. ತಿಂಗಳುಗಳ ಮುಂಚೆಯೇ ವರ್ಗಾಯಿಸಿ, ಅಡಿಕೆ ಮಾರಾಟದ ಪಟ್ಟಿಯ ಇಂಗ್ಲಿಷ್ ಅನುವಾದ ಜೊತೆಗಿಡಿ. ಡೆಬಿಟ್ ಕಾರ್ಡಿನಲ್ಲಿ ವಿದೇಶಿ ಬಳಕೆ ಬಂದ್ ಆಗಿರುತ್ತದೆ, ಆ್ಯಪ್‌ನಲ್ಲಿ ಇಲ್ಲಿಂದಲೇ ತೆರೆಯಬೇಕು. ಒಟಿಪಿ ಬರುವ ಸಿಮ್‌ಗೆ ರೋಮಿಂಗ್ ಹಾಕಿಸದೆ ಹೋದವರು ಅಲ್ಲಿ ತಮ್ಮದೇ ದುಡ್ಡು ಮುಟ್ಟಲಾಗದೆ ಕೂರುತ್ತಾರೆ.

ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. 100 ವ್ಯಾಟ್-ಅವರ್ ತನಕ ಕೇಳದೆ ಬಿಡುತ್ತಾರೆ, 20,000 ಎಂಎಎಚ್‌ನದು 74 ಆಗುತ್ತದೆ. ಬಟ್ಟೆಬರೆ ಬಗ್ಗೆ ನಿಮಗೆ ಹೇಳಿಕೊಡುವವರು ಮನೆಯಲ್ಲೇ ಸಾಕಷ್ಟಿದ್ದಾರೆ.

ಮಳೆಗಾಲದಲ್ಲಿ ಹೊರಡುವವರು ಬೆಂಗಳೂರಿಗೆ, ಅದು ವೀಸಾದ ಬೆರಳಚ್ಚಿಗಾಗಲಿ ವಿಮಾನಕ್ಕಾಗಲಿ, ಒಂದು ಪೂರ್ತಿ ದಿನ ಮುಂಚೆ ತಲುಪಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿಯಿತು, ಆಗಸ್ಟ್ 7ರಂದು ಕಾಳಿ ನದಿಯ ಹಳೆಯ ಸೇತುವೆ ಬಿತ್ತು. ಕೊಂಕಣ ರೈಲ್ವೆಯ ಮಳೆಗಾಲದ ವೇಳಾಪಟ್ಟಿಯೇ ಬೇರೆ. ಟಿಕೆಟ್ ತೆಗೆಯುವಾಗ ಬೇಸಿಗೆಯ ಸಮಯ ನೆನಪಿಟ್ಟುಕೊಂಡು ಲೆಕ್ಕ ಹಾಕಬೇಡಿ.

ಮಾತು ಮುಗಿದ ಮೇಲೆ ಎರಡು ಪ್ರಶ್ನೆ ಬಂದವು. ಅಲ್ಲಿನ ಪ್ರೊಫೆಸರಿಗೆ ಎಷ್ಟು ದಿನಕ್ಕೊಮ್ಮೆ ಬರೆಯಬಹುದು ಎಂದು ಒಬ್ಬರು ಕೇಳಿದರು. ಹತ್ತು ದಿನ ಉತ್ತರ ಬಾರದಿದ್ದರೆ ಹಿಂದಿನ ಪತ್ರದ ಕೆಳಗೇ ಎರಡು ಸಾಲು ಬರೆಯಿರಿ. "ಗೌರವಾನ್ವಿತ ಮಹೋದಯರೇ" ಎಂದು ಹೊಸ ಪತ್ರ ಶುರುಮಾಡಿದರೆ ಹಿಂದಿನ ಮಾತುಕತೆ ಅವರಿಗೆ ಸಿಗುವುದಿಲ್ಲ. ಒಂದು ಪತ್ರಕ್ಕೆ ಒಂದೇ ಪ್ರಶ್ನೆ.

ಎರಡನೆಯದು ಊಟದ್ದು, ಎಲ್ಲರೂ ಕಾಯುತ್ತಿದ್ದದ್ದು. ಅಮ್ಮ ಕಾಸಿ ಕೊಟ್ಟ ತುಪ್ಪವನ್ನು ಯುರೋಪಿಗೂ ಬ್ರಿಟನ್ನಿಗೂ ಒಯ್ಯುವಂತಿಲ್ಲ, ಹಾಲಿನದೂ ಮಾಂಸದ್ದೂ ಏನೂ ನಡೆಯದು. ಹಸಿ ಕರಿಬೇವು, ವೀಳ್ಯದೆಲೆ, ಮಾವಿನಹಣ್ಣು ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಬೇಡ. ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿಬೆಲ್ಲ, ಒಣಗಿಸಿದ ಮುರುಗಲು ಸಿಪ್ಪೆ ಒಯ್ಯಬಹುದು, ಆದರೆ ರಸ ಇರುವವು ಕೈಚೀಲದಲ್ಲಿ 100 ಮಿಲಿಲೀಟರಿನ ಮಿತಿಗೆ ಸಿಕ್ಕಿಬೀಳುತ್ತವೆ, ಚೆಕ್-ಇನ್ ಪೆಟ್ಟಿಗೆಗೆ ಹಾಕಿ. ಜೇನು ಯುರೋಪಿಗೆ 2 ಕಿಲೋ ತನಕ. ಕರಾವಳಿಯವರಿಗೆ ಒಂದು ಸಮಾಧಾನ ಇದೆ: ತುಪ್ಪಕ್ಕೆ ಇಲ್ಲದ ಅವಕಾಶ ಒಣಮೀನಿಗೆ ಇದೆ, ಯುರೋಪಿನ ನಿಯಮದಲ್ಲಿ 20 ಕಿಲೋ ತನಕ. ಎ180ರ ಡಬ್ಬಿ ಇರುವ ಪೆಟ್ಟಿಗೆಯಲ್ಲಿ ಮಾತ್ರ ಅದನ್ನು ಇಡಬೇಡಿ. ಸುಂಕದವರು ಎರಡನ್ನೂ ಒಟ್ಟಿಗೆ ತೆಗೆದು ನೋಡಿದರೆ ಯಾವುದು ಸಂಶೋಧನೆಗೆ, ಯಾವುದು ಊಟಕ್ಕೆ ಎಂದು ವಿವರಿಸುತ್ತ ಮುಂದಿನ ವಿಮಾನ ತಪ್ಪುತ್ತದೆ.